ನೇರಳೆ ಹಳದಿಗೆ ತಿರುಗಿದ ದಿನ

ಅಮೋಗಸಿದ್ದ ಸರ್ ಅವರನ್ನು ನಾನು ಮೊದಲು ನೋಡಿದ್ದು ಗಡಿಯಾಚೆ, ಮರಾಠಿ ನಾಡಿನಲ್ಲಿರುವ ಜತ್ತದ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ. ಬಿ.ಎಸ್ಸಿ. ಎರಡನೇ ವರ್ಷದ ಮೊದಲ ಪ್ರಾಕ್ಟಿಕಲ್. ನಮ್ಮೂರು ಶೇಗಾಂವದಿಂದ ಬರುವ ಬಸ್ಸು ಅಂದು ತಡವಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಓಡುತ್ತ ಬಂದು ಬಾಗಿಲಲ್ಲಿ ನಿಂತಾಗ ನನ್ನ ಕೈಯಲ್ಲಿ ಊಟದ ಡಬ್ಬಿಯ ಚೀಲ ಇನ್ನೂ ತೂಗಾಡುತ್ತಿತ್ತು. ಎಲ್ಲರೂ ತಿರುಗಿ ನೋಡಿದರು. ಮೇಜಿನ ಹಿಂದೆ ನಿಂತಿದ್ದ ಮನುಷ್ಯ ಎತ್ತರ, ತೆಳ್ಳಗೆ. ಬಿಳಿ ಏಪ್ರನ್ನಿನ ಜೇಬಿನ ಬಳಿ ಕಂದು ಕಲೆಗಳು. ಹಣೆಯ ತುಂಬ ಹಳದಿ ಭಂಡಾರ. ಧನಗರರು, ಅಂದರೆ ಕುರುಬರು, ದೇವರ ಹೆಸರಿನಲ್ಲಿ ಹಚ್ಚಿಕೊಳ್ಳುವ ಅರಿಶಿನದ ಪುಡಿ ಅದು. ಏಪ್ರನ್ ತೊಟ್ಟವರ ಹಣೆಯಲ್ಲಿ ಭಂಡಾರ ಕಂಡದ್ದು ನನಗೆ ಅದೇ ಮೊದಲು.

ಬೈಯುತ್ತಾರೆ ಎಂದುಕೊಂಡೆ. ಅವರು ಮರಾಠಿಯಲ್ಲಿ, ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರು. ಗಾಬರಿಯಲ್ಲಿ ನನ್ನ ಬಾಯಿಂದ "ರೊಟ್ಟಿ" ಎಂದು ಬಂತು.

"ರೊಟ್ಟಿ ಅಂದ್ರಿ? ಹಂಗಾರ ಮನ್ಯಾಗ ಕನ್ನಡ. ಬರ್ರಿ, ಬರ್ರಿ ಮುಂದ. ಒಂದ ತುಣಕ ಕೊಡ್ರಿ. ಹೆದರಬ್ಯಾಡ್ರಿ, ತಿನ್ನಾಕಲ್ಲ."

ಎಲ್ಲರೂ ನಕ್ಕರು. ನಾನು ಜೋಳದ ರೊಟ್ಟಿಯ ಚೂರು ಕೊಟ್ಟೆ. ಅವರು ಅದನ್ನು ಪಿಂಗಾಣಿ ಬಟ್ಟಲಲ್ಲಿಟ್ಟು ಕಂದು ಬಣ್ಣದ ಅಯೋಡಿನ್ ದ್ರವದ ಒಂದು ಹನಿ ಹಾಕಿದರು. ಬಿಳಿ ರೊಟ್ಟಿ ನೋಡನೋಡುತ್ತ ಕಡುನೀಲಿಯಾಗಿ ಕಪ್ಪಿಗೆ ತಿರುಗಿತು. ನಮ್ಮ ಅಮ್ಮಾ ಹಜರಾಬಿ ನಸುಕಿನಲ್ಲಿ ಎದ್ದು ತಟ್ಟಿದ ರೊಟ್ಟಿ ಅದು. ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿರಬೇಕು.

"ನಿಮ್ಮ ತಾಯಿಗಿ ಹೇಳಬ್ಯಾಡ್ರಿ ಮತ್ತ. ನನ್ನ ರೊಟ್ಟಿ ಕರ್ರಗ ಮಾಡಿದಾಂವ ಯಾಂವ ಅಂತ ಹುಡಕ್ಕೋತ ಬಂದಾರು."

ಆಮೇಲೆ ಕೇಳಿದರು: ರೊಟ್ಟಿ ಬಿಳಿ, ಅಯೋಡಿನ್ ಕಂದು, ಹಾಗಾದರೆ ಈ ನೀಲಿ ಎಲ್ಲಿಂದ ಬಂತು? ಉತ್ತರವನ್ನೂ ಅವರೇ ಹೇಳಿದರು. ಒಂದು ಕಣಕ್ಕೆ ಎಲೆಕ್ಟ್ರಾನ್ ಹೆಚ್ಚಿರುತ್ತದೆ, ಇನ್ನೊಂದಕ್ಕೆ ಅದರ ಹಸಿವು. ಎರಡೂ ಹತ್ತಿರ ಬಂದಾಗ ಮೊದಲನೆಯದು ತನ್ನದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ, ಎರಡನೆಯದು ಪೂರ್ತಿ ಕಿತ್ತುಕೊಳ್ಳುವುದೂ ಇಲ್ಲ. ಸ್ವಲ್ಪ ಅತ್ತ ಸರಿಯುತ್ತದೆ, ಅಷ್ಟೆ. ಆ ಸರಿಯುವಿಕೆಯಿಂದ ಎರಡರಲ್ಲೂ ಇಲ್ಲದ ಬಣ್ಣ ಹುಟ್ಟುತ್ತದೆ. ಚಾರ್ಜ್ ಟ್ರಾನ್ಸ್‌ಫರ್ ಕಾಂಪ್ಲೆಕ್ಸ್ ಎಂದು ಹಲಗೆಯ ಮೇಲೆ ಬರೆದು, ನಮ್ಮ ಮುಖ ನೋಡಿ ಸೀಮೆಸುಣ್ಣ ಕೆಳಗಿಟ್ಟರು.

"ಕುರಿ ತರಬೂದು ನೋಡೀರಿಲ್ಲ? ನಮ್ಮಪ್ಪ ಹಿಂಡ ತಂದು ಗೊಬ್ಬರಕ್ಕಂತ ನಿಮ್ಮ ಹೊಲದಾಗ ರಾತ್ರಿ ನಿಲ್ಲಸ್ತಾನ. ಕುರಿ ನಮ್ಮವ ಇರ್ತಾವ, ಹೊಲ ನಿಮ್ಮದ ಇರ್ತದ. ಯಾರೂ ಏನೂ ಮಾರಿಲ್ಲ. ಆದ್ರ ಮುಂದಿನ ಮಳಿಗಿ ನೋಡ್ರಿ, ಆ ಹೊಲದ ಹಸರ ಬ್ಯಾರೆ."

ನನ್ನ ಸಹಪಾಠಿ ತಾನಾಜಿ ಸುಮ್ಮನಿರುವವನಲ್ಲ. "ಸರ್, ಮುಂಜಾನೆ ಕುರಿ ಎದ್ದು ಹೋಗಿಬಿಡ್ತಾವಲ್ರಿ?"

"ಹೋಗ್ತಾವ. ಇದನ್ನೂ ಬಿಸಿ ಮಾಡ್ರಿ, ನೀಲಿ ಹೋಗ್ತದ. ರೊಟ್ಟಿ ರೊಟ್ಟಿನ, ಅಯೋಡಿನ್ ಅಯೋಡಿನ್ನ. ನಡುವಿನ ಬಣ್ಣ ಅಷ್ಟ ಹೋಗೂದು."

ಪಾಠ ಮುಗಿಯಿತೆಂದು ನಾವು ಪುಸ್ತಕ ಮಡಚುವಾಗ ಅವರು ರೊಟ್ಟಿಯ ಇನ್ನೊಂದು ಚೂರು ಬೇಡಿದರು. ಅದರ ಮೇಲೆ ಬರೀ ನೀರು ಹಾಕಿ ಕಾದರು. ಏನೂ ಆಗಲಿಲ್ಲ. "ಇದಕ್ಕ ಬ್ಲ್ಯಾಂಕ್ ಅಂತಾರ. ಅಯೋಡಿನ್ ಇಲ್ದನೂ ಈ ರೊಟ್ಟಿ ಕರ್ರಗಾಗಿದ್ರ, ನಾ ಇಷ್ಟೊತ್ತ ಹೇಳಿದ್ದೆಲ್ಲಾ ಸುಳ್ಳ ಆಗ್ತಿತ್ತು. ಬ್ಲ್ಯಾಂಕ್ ನೋಡದ ಬಣ್ಣ ನಂಬಬ್ಯಾಡ್ರಿ. ಬಣ್ಣಕ್ಕ ಸುಳ್ಳ ಹೇಳಾಕ ಭಾಳ ಚಲೋ ಬರ್ತದ."

ಈ ಮಾತನ್ನು ಅವರು ವರ್ಷವಿಡೀ ಹೇಳಿದರು. ಹುಡುಗರು ಅವರ ಬೆನ್ನ ಹಿಂದೆ "ಬ್ಲ್ಯಾಂಕ್ ಸರ್" ಎಂದೇ ಕರೆಯುತ್ತಿದ್ದರು.

ಅವರ ಊರು ಮುಚ್ಚಂಡಿ. ತಂದೆ ಬೀರು, ತಾಯಿ ಚಂದ್ರಾಬಾಯಿ, ಇಬ್ಬರೂ ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವರು. ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಕಾಲೇಜಿನಲ್ಲಿ ಕಾಯಂ ನೌಕರಿ ಇರಲಿಲ್ಲ. ತಾಸಿನ ಲೆಕ್ಕದಲ್ಲಿ ಕಲಿಸುವ ಹಂಗಾಮಿ ಪ್ರಾಧ್ಯಾಪಕರು. ಜೊತೆಗೆ ಪಿಎಚ್.ಡಿ. ಕೆಲಸ. ನಾನು ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಮುಗಿಸಿ ಅದೇ ಪ್ರಯೋಗಶಾಲೆಗೆ ಅದೇ ರೀತಿಯ ಹಂಗಾಮಿ ಶಿಕ್ಷಕಿಯಾಗಿ ಬಂದಾಗ ಅವರ ಸಂಶೋಧನೆ ಅರ್ಧ ದಾರಿ ಸವೆಸಿತ್ತು. ನಾನು ಅವರಿಗೆ ಸಹಾಯ ಮಾಡತೊಡಗಿದೆ.

ಆ ಚಾರ್ಜ್ ಟ್ರಾನ್ಸ್‌ಫರ್ ಸಂಯುಕ್ತಗಳ ಬಗ್ಗೆ ಮಾತಿಗೆ ಕುಳಿತರೆ ಅವರಿಗೆ ಚಹಾ ಆರಿದ್ದೂ ತಿಳಿಯುತ್ತಿರಲಿಲ್ಲ. ವಿದ್ಯುತ್ ಹರಿಯಲು ಬಿಡದ ಎರಡು ಪುಡಿಗಳನ್ನು ಕೂಡಿಸಿ ಬೆಳೆಸಿದ ಕಪ್ಪು ಹರಳಿನಲ್ಲಿ ತಂತಿಯಲ್ಲಿ ಹರಿದಂತೆ ವಿದ್ಯುತ್ ಹರಿಯುತ್ತದೆ ಎಂದು ಹೇಳುತ್ತಿದ್ದರು. ಹಳೆಯ ಕೆಲವು ಝೆರಾಕ್ಸ್ ಯಂತ್ರಗಳಲ್ಲಿ ಬೆಳಕನ್ನು ಹಿಡಿಯುವ ಲೇಪಕ್ಕೂ ಇಂಥದೇ ಜೋಡಿಯನ್ನು ಬಳಸುತ್ತಿದ್ದರು ಎನ್ನುತ್ತಿದ್ದರು. ಆದರೆ ಅವರ ಮನಸ್ಸು ನೆಟ್ಟಿದ್ದು ಇನ್ನೊಂದು ಉಪಯೋಗದ ಮೇಲೆ. ಅನೇಕ ಔಷಧಗಳು ಎಲೆಕ್ಟ್ರಾನ್ ಕೊಡುವ ಜಾತಿಯವು. ಅಯೋಡಿನ್‌ನೊಡನೆ ಸೇರಿದರೆ ಬಣ್ಣ ಬದಲಾಗುತ್ತದೆ. ಹಾಗಾದರೆ ಬಣ್ಣ ನೋಡಿ ಔಷಧ ಅಸಲಿಯೋ ನಕಲಿಯೋ ಹೇಳಬಹುದು.

ಅವರು ಆರಿಸಿಕೊಂಡದ್ದು ಲೆವಾಮಿಸೋಲ್. ಕುರಿಯ ಹೊಟ್ಟೆಹುಳಕ್ಕೆ ಕುಡಿಸುವ ಔಷಧ. ಮಳೆ ಬಿದ್ದು ಹಸಿರು ಹುಲ್ಲು ಚಿಗುರಿದಾಗ ಹುಲ್ಲಿನ ಜೊತೆಗೆ ಹುಳವೂ ಕುರಿಯ ಹೊಟ್ಟೆ ಸೇರುತ್ತದೆ, ರಕ್ತ ಹೀರುತ್ತದೆ. ಆಗಲೇ ಮೋಟಾರ್‌ಸೈಕಲ್ ಮೇಲೆ ಔಷಧ ಮಾರುವವರು ಹಟ್ಟಿಹಟ್ಟಿಗೆ ಬರುತ್ತಾರೆ. ಕೆಲವರ ಬಾಟಲಿಯಲ್ಲಿ ಔಷಧ ಇರುತ್ತದೆ, ಕೆಲವರದರಲ್ಲಿ ಬಣ್ಣದ ನೀರು. ತಪಾಸಣೆಯ ಯಂತ್ರ ದೂರದ ಪಟ್ಟಣದಲ್ಲಿ. ಸರ್ ಬಯಸಿದ್ದು ಹಟ್ಟಿಯ ಬಾಗಿಲಲ್ಲೇ ಮಾಡಬಹುದಾದ ಪರೀಕ್ಷೆ.

ಅದನ್ನು ಅವರು ಮಾಡಿಯೂ ಮಾಡಿದರು. ಔಷಧಕ್ಕೆ ತಿನ್ನುವ ಸೋಡಾದ ನೀರು ಬೆರೆಸಿ, ಕ್ಲೋರೋಫಾರ್ಮ್ ಹಾಕಿ ಅಲುಗಾಡಿಸಿದರೆ ಅಸಲಿ ಔಷಧ ಕೆಳಗೆ ನಿಲ್ಲುವ ಕ್ಲೋರೋಫಾರ್ಮಿಗೆ ಇಳಿಯುತ್ತದೆ. ಬಾಟಲಿಗೆ ಕಂಪನಿಯವರು ಹಾಕಿದ ಬಣ್ಣ ಮೇಲಿನ ನೀರಲ್ಲೇ ಉಳಿಯುತ್ತದೆ. ಕೆಳಗಿನ ಪದರವನ್ನು ತೆಗೆದು ಕ್ಲೋರೋಫಾರ್ಮಿನಲ್ಲಿ ಕರಗಿ ನೇರಳೆಯಾದ ಅಯೋಡಿನ್ ದ್ರವಕ್ಕೆ ಸುರಿಯಬೇಕು. ನೇರಳೆ ಹಳದಿಯಾದರೆ ಔಷಧ ಇದೆ. ನೇರಳೆ ನೇರಳೆಯಾಗಿಯೇ ಉಳಿದರೆ ಬರೀ ನೀರು. ನಮ್ಮ ಫಲಿತಾಂಶ ಯಂತ್ರದ ಫಲಿತಾಂಶಕ್ಕೆ ಹೊಂದಿದ ದಿನ ಅವರು ಎಲ್ಲರಿಗೂ ಬಾಳೆಹಣ್ಣು ಹಂಚಿದರು. ಇನ್ನು ಉಳಿದದ್ದು ತಾಲ್ಲೂಕಿನ ಹಟ್ಟಿಗಳಿಂದ ಬಾಟಲಿ ತರಿಸಿ ಪರೀಕ್ಷಿಸುವ ಕೊನೆಯ ಅಧ್ಯಾಯ.

ಒಮ್ಮೆ ಆ ಸಾಮಾನುಗಳನ್ನಿಟ್ಟ ತಗಡಿನ ಪೆಟ್ಟಿಗೆಯೊಂದಿಗೆ ಮುಚ್ಚಂಡಿಗೆ ಹೋಗಿದ್ದೆವು. ಚಂದ್ರಾಬಾಯಿ ಆಯಿ ಗಿಡ್ಡ ಹೆಂಗಸು, ದನಿ ಮಾತ್ರ ಹೊಲದಾಚೆಗೂ ಕೇಳುವಂಥದ್ದು. ಪೆಟ್ಟಿಗೆ ನೋಡಿದ್ದೇ ಸೊಂಟದ ಚೀಲ ಬಿಚ್ಚಿ ಅದರ ಮೇಲೆ ಭಂಡಾರ ತೂರಿದರು.

"ಯವ್ವಾ, ಬ್ಯಾಡ! ಒಳಗ ಗಾಜಿನ ನಳಿಗಿ ಅದಾವ, ಹೊಲಸ ಆಗ್ತಾವ!"

"ಭಂಡಾರ ಹೊಲಸೇನೋ, ಮಬ್ಬ? ದೇವರ ಹೆಸರ ಇಟ್ಟೀನಿ ನಿನಗ, ಅಂವನ ಭಂಡಾರಕ್ಕ ಹೊಲಸ ಅಂತಿ. ನೋಡವಾ ನಸ್ರೀನ, ಎಷ್ಟ ಓದಿದ್ರ ಏನ ಬಂತು."

ಸರ್ ನಗುತ್ತ ಒಂದೊಂದೇ ನಳಿಕೆ ಒರೆಸಿ ಇಟ್ಟರು. ಆಯಿ ಹಟ್ಟಿಯಲ್ಲಿ ಯಾವ ಕೆಲಸವನ್ನೂ ಭಂಡಾರವಿಲ್ಲದೆ ಮಾಡುತ್ತಿರಲಿಲ್ಲ. ಉಣ್ಣೆ ಕತ್ತರಿಸುವ ಮೊದಲು ಕತ್ತರಿಗೆ, ಮರಿ ಹುಟ್ಟಿದರೆ ಅದರ ಹಣೆಗೆ. ಇದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೆವು.

ಮುಂದಿನ ಮಳೆಗಾಲ ಒಳ್ಳೆಯದಾಯಿತು. ಹುಲ್ಲು ಮೊಣಕಾಲಿಗೆ ಬಂತು. ಬೀರು ಮತ್ತು ಅವರ ನೆರೆಯ ಕುರಿಗಾರ ಸೋಮನಿಂಗಪ್ಪ ಕೂಡಿ, ಬಂದ ಮಾರಾಟಗಾರನಿಂದ ಒಂದೇ ಪೆಟ್ಟಿಗೆ ಔಷಧ ಕೊಂಡು ಹಂಚಿಕೊಂಡರು. ಆದರೆ ಕುಡಿಸಲಿಲ್ಲ. ಮಗ ರವಿವಾರ ಬಂದು ಬಣ್ಣ ನೋಡಿ ಹೇಳಲಿ, ಸುಳ್ಳಾಗಿದ್ದರೆ ಜತ್ತಕ್ಕೆ ಹೋಗಿ ಬೇರೆ ತರೋಣ ಎಂದು ಬೀರು ಹಟ ಹಿಡಿದರಂತೆ. ಆ ರವಿವಾರ ನಾನು ಅಲ್ಲಿರಲಿಲ್ಲ. ನಡೆದದ್ದನ್ನು ಆಮೇಲೆ ಸೋಮನಿಂಗಪ್ಪನವರ ಬಾಯಿಂದ ಕೇಳಿದೆ.

ಸರ್ ಬರುವಷ್ಟರಲ್ಲಿ ಹಟ್ಟಿಯ ಮುಂದೆ ಜನ ನೆರೆದಿತ್ತು. ಪಡುವಣಕ್ಕೆ ಮೋಡ ಕಟ್ಟಿತ್ತು. ಮಳೆ ಬಂದರೆ ಕುರಿ ಹಿಡಿದು ಔಷಧ ಕುಡಿಸುವುದು ಆಗದು.

"ಬಂದಾ ನೋಡ್ರಪಾ ಬಣ್ಣದ ಮಾಸ್ತರ! ಹೋಳಿ ಹುಣ್ಣಿಮಿ ಈ ಸಲ ಮಳಿಗಾಲದಾಗ ಬಂತು," ಎಂದು ಸೋಮನಿಂಗಪ್ಪ ಛೇಡಿಸಿದರಂತೆ.

"ನಿಮಗ ಹಚ್ಚಾಕ ಉಳಿಸಿ ಇಟ್ಟೀನಿ ಕಾಕಾ, ತಡೀರಿ."

"ಲಗೂನ ಮಾಡೊ ತಮ್ಮಾ, ಮಳಿ ಬರ್ತದ," ಎಂದರು ಬೀರು.

ಆಯಿ ಒಳಗಿಂದ ಬಾಟಲಿ ತಂದುಕೊಟ್ಟರು. ಬೂಚು ಆಗಲೇ ತೆರೆದಿತ್ತು. ಸೊರಗಿದ್ದ ಒಂದು ಮರಿಗೆ ಮುಂಜಾನೆ ಕುಡಿಸಿದ್ದೆನೆಂದು ಹೇಳಿದರು. ಸರ್ ಸೋಡಾ ನೀರು ಹಾಕಿದರು, ಕ್ಲೋರೋಫಾರ್ಮ್ ಹಾಕಿ ಅಲುಗಾಡಿಸಿದರು, ಕೆಳಗಿನ ಪದರವನ್ನು ನೇರಳೆಗೆ ಸುರಿದರು. ನೇರಳೆ ಹೋಗಿ ಹಳದಿ ಬಂತು.

"ಖರೇ ಐತಿ," ಎಂದರು ಸರ್. "ಕುಡಿಸ್ರಿ."

ಜನ ಸೀಟಿ ಹೊಡೆದರು. ಸೋಮನಿಂಗಪ್ಪ ಅವರ ಬೆನ್ನು ಚಪ್ಪರಿಸಿದರು. ಮಳೆ ಬರುವುದರೊಳಗೆ ಎರಡೂ ಹಿಂಡಿಗೆ ಔಷಧ ಕುಡಿಸಿ ಮುಗಿಸಿದರು. ಕೆಳಗಿನ ಪದರದ ಒಂದಿಷ್ಟನ್ನು ಅಯೋಡಿನ್ ಇಲ್ಲದೆ ಬೇರೆ ನಳಿಕೆಯಲ್ಲಿಟ್ಟು ನೋಡಬೇಕಿತ್ತು. ಅದೇ ಬ್ಲ್ಯಾಂಕ್. ವರ್ಷವಿಡೀ ನಮಗೆ ಹೇಳಿಕೊಟ್ಟವರು ಆ ದಿನ ಅದನ್ನು ನೋಡಲಿಲ್ಲ. ಎದುರಿಗೆ ಅಪ್ಪ ಅವಸರ ಮಾಡುತ್ತಿದ್ದರು, ಬಾಟಲಿ ತಂದುಕೊಟ್ಟವಳು ಅವ್ವ.

ಶ್ರಾವಣ ಮುಗಿಯುವಷ್ಟರಲ್ಲಿ ಕುರಿಗಳ ದವಡೆಯ ಕೆಳಗೆ ನೀರು ತುಂಬಿದ ಬಾವು ಕಾಣಿಸಿತು. ಕಣ್ಣಿನ ಒಳರೆಪ್ಪೆ ಬಿಳಿಚಿತು. ಔಷಧ ಅಸಲಿ ಎಂದು ಮಗ ಹೇಳಿದ್ದಾನಲ್ಲ, ಹುಳ ಜೋರಾಗಿರಬೇಕು ಎಂದುಕೊಂಡು ಅದೇ ಔಷಧವನ್ನೇ ಮತ್ತೊಮ್ಮೆ ಕುಡಿಸಿದರು. ಬೇರೆ ಔಷಧ ತರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೊದಲು ಮರಿಗಳು ಬಿದ್ದವು, ಆಮೇಲೆ ಹಾಲು ಕೊಡುವ ತಾಯಿಗಳು. ಬೀರು ಫೋನ್ ಮಾಡಿದಾಗ ಎರಡೂ ಹಿಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು.

ಸರ್ ಆ ತೆರೆದ ಬಾಟಲಿಯನ್ನೂ ಸೋಮನಿಂಗಪ್ಪನವರ ಮನೆಯಲ್ಲಿ ಉಳಿದಿದ್ದ ಬೂಚು ಒಡೆಯದ ಒಂದು ಬಾಟಲಿಯನ್ನೂ ಪ್ರಯೋಗಶಾಲೆಗೆ ತಂದರು. ನಾನು ಪಕ್ಕದಲ್ಲೇ ಇದ್ದೆ. ಬೂಚು ಒಡೆಯದ ಬಾಟಲಿಯ ಪದರ ಸುರಿದಾಗ ನೇರಳೆ ಸ್ವಲ್ಪವೂ ಕದಲಲಿಲ್ಲ. ಅದರಲ್ಲಿ ಔಷಧವೇ ಇರಲಿಲ್ಲ. ತೆರೆದ ಬಾಟಲಿಯದು ಹಳದಿಯಾಯಿತು. ಒಂದೇ ಪೆಟ್ಟಿಗೆಯ ಎರಡು ಬಾಟಲಿ. ಸರ್ ತೆರೆದ ಬಾಟಲಿಯ ಬ್ಲ್ಯಾಂಕ್ ಮಾಡಿದರು. ಅಯೋಡಿನ್ ಮುಟ್ಟಿಸದ ಆ ಕ್ಲೋರೋಫಾರ್ಮ್ ನೀರಿನಂತೆ ತಿಳಿಯಾಗಿರಬೇಕಿತ್ತು. ಅದು ತಾನಾಗಿಯೇ ಹಳದಿಯಾಗಿ ನಿಂತಿತ್ತು.

ಅವರು ಬಾಟಲಿಯ ಕೊರಳನ್ನು ಬೆಳಕಿಗೆ ಹಿಡಿದರು. ಒಳಗಡೆ ಒಣಗಿ ಅಂಟಿದ ಹಳದಿ ಪುಡಿ. ಮೂಗಿಗೆ ಹಿಡಿದು ನೋಡಿ, ಸ್ಟೂಲಿನ ಮೇಲೆ ಕುಳಿತರು.

"ಭಂಡಾರ," ಎಂದರು. "ಯವ್ವ ಹಾಕ್ಯಾಳ."

ಅರಿಶಿನದ ಬಣ್ಣ ನೀರಿನಲ್ಲಿ ನಿಲ್ಲುವುದಿಲ್ಲ, ಕ್ಲೋರೋಫಾರ್ಮಿಗೆ ಇಳಿದು ಅಯೋಡಿನ್‌ನ ನೇರಳೆಯನ್ನು ಮುಚ್ಚಿಬಿಡುತ್ತದೆ. ಅದು ನಮಗೆ ಗೊತ್ತಿತ್ತು. ಕುರಿಯ ಬಾಯಿಗೆ ಹೋಗುವ ಔಷಧಕ್ಕೆ ಮೊದಲು ಒಂದು ಚಿಟಿಕೆ ಭಂಡಾರ ಬೀಳಬೇಕೆಂಬುದು ಅವರ ಮನೆಯ ಪದ್ಧತಿ. ಅದೂ ಅವರಿಗೆ ಗೊತ್ತಿತ್ತು.

"ಸಣ್ಣಾಂವ ಇದ್ದಾಗ ಆ ಚಿಟಿಗಿ ನನ್ನ ಕೈಲೆ ಹಾಕಸ್ತಿದ್ಲು. 'ನಿನ್ನ ಕೈ ತಣ್ಣಗ ಐತಿ, ನೀ ಹಾಕು' ಅಂತಿದ್ಲು," ಎಂದು ಹೇಳಿ ಎದ್ದು ನಳಿಕೆಗಳನ್ನು ತೊಳೆಯತೊಡಗಿದರು. ತೊಳೆದದ್ದನ್ನೇ ಮತ್ತೆ ತೊಳೆದರು.

ಮರುದಿನ ಇಬ್ಬರೂ ಮುಚ್ಚಂಡಿಗೆ ಹೋದೆವು. ಸೋಮನಿಂಗಪ್ಪನವರ ಹಟ್ಟಿಯಲ್ಲಿ ಜನ ಕುಳಿತಿದ್ದರು. ಆಯಿ ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಅದ್ದಿ ಅದರ ಬಾಯಿಗೆ ನೀರು ಬಿಡುತ್ತಿದ್ದರು. ಅದು ನುಂಗುತ್ತಿರಲಿಲ್ಲ. ಈ ಸಲ ಸೋಮನಿಂಗಪ್ಪ ಛೇಡಿಸಲಿಲ್ಲ.

"ಮಾಸ್ತರ, ನಿನ್ನ ಹಳದಿ ನೀರ ನಂಬಿ ನಾ ಬ್ಯಾರೆ ಔಷಧ ತರಲಿಲ್ಲ. ಈಗ ಹೇಳು. ಔಷಧ ಸುಳ್ಳೋ, ನಿನ್ನ ನೀರ ಸುಳ್ಳೋ?"

"ಔಷಧಾನೂ ಸುಳ್ಳ ಕಾಕಾ. ನನ್ನ ಪರೀಕ್ಷಾನೂ ಸುಳ್ಳಾತು."

"ಯಾಕ ಸುಳ್ಳಾತು? ಅದನ್ನರ ಹೇಳು."

ಭಂಡಾರ ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪರೀಕ್ಷೆಯಲ್ಲಿ ದೋಷವಿರಲಿಲ್ಲ, ಬೂಚು ಒಡೆಯದ ಬಾಟಲಿಯನ್ನು ಅದು ಸರಿಯಾಗಿ ಹಿಡಿದಿತ್ತು. ನನ್ನ ತುಟಿಯವರೆಗೂ ಬಂತು. ಸರ್ ನನ್ನ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದರು. ಆಮೇಲೆ ತಾಯಿಯ ಕಡೆ ನೋಡಿದರು.

"ನಾ ಗಡಬಡಿ ಮಾಡಿದ್ನಿ ಕಾಕಾ. ನೋಡಬೇಕಾದ್ದು ನೋಡಲಿಲ್ಲ."

"ನಮ್ಮ ಕುರಿ ಮ್ಯಾಲನ ಕಲೀಬೇಕಾಗಿತ್ತೇನು ನೀನು?"

ಆಗ ಆಯಿಯ ದನಿ ಬಂತು. "ಸಾಕ ಮಾಡೊ ಸೋಮನಿಂಗಾ. ಬೇಕಂತ ಮಾಡ್ಯಾನೇನು? ಅವನ ಮನಿ ಕುರಿ ಸತ್ತಿಲ್ಲೇನು? ನಾ ಮುಂಜಾನಿ ಭಂಡಾರ ಹಾಕೇ ಕೊಟ್ಟಿದ್ನೆಪಾ ಔಷಧಕ್ಕ. ಅದಕ್ಕೂ ಉಳೀಲಿಲ್ಲಂದ್ರ ದೇವರ ಮನಸ ಅಂತ ತಿಳಿಯೂನು."

ಸರ್ ತಲೆ ತಗ್ಗಿಸಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ. "ಖರೇ ಹೇಳಿದ್ರ ನಿಮ್ಮ ಪರೀಕ್ಷೆ ಉಳೀತಿತ್ತಲ್ರಿ ಸರ್."

"ಪರೀಕ್ಷೆ ಉಳೀತಿತ್ತು. ಯವ್ವ ತನ್ನ ಕೈ ನೋಡ್ಕೋತ ಹೆಂಗ ಉಣಬೇಕ್ರಿ ಮೇಡಮ್?"

ಮುಂದೆ ಯಾವ ಹಟ್ಟಿಯವರೂ ಅವರಿಗೆ ಬಾಟಲಿ ಕೊಡಲಿಲ್ಲ. "ಮುಚ್ಚಂಡಿ ಕುರಿ ತಿಂದ ಬಣ್ಣ" ಎಂದು ಸಂತೆಯಲ್ಲೂ ಮಾತು ಹಬ್ಬಿತ್ತು. ಅರಿಶಿನ ಸೇರಿದರೆ ಫಲಿತಾಂಶ ಕೆಡುತ್ತದೆ ಎಂದು ಒಂದು ಪುಟ ಬರೆದುಬಿಡಿ, ಬ್ಲ್ಯಾಂಕ್ ಕಡ್ಡಾಯ ಮಾಡಿ ಎಂದು ಪಿಎಚ್.ಡಿ. ಮಾರ್ಗದರ್ಶಕರು ಹೇಳಿದರು. ಸರ್ ಆ ಪುಟ ಬರೆಯಲು ಕುಳಿತದ್ದನ್ನು ನಾನು ಎಷ್ಟೋ ಸಲ ನೋಡಿದೆ. ಬರೆಯಲಿಲ್ಲ. ಕೊನೆಯ ಅಧ್ಯಾಯ ಇಲ್ಲದೆ ಪ್ರಬಂಧ ನಿಂತಿತು. ಬೀರು ಉಳಿದ ಕುರಿಗಳನ್ನು ಮಾರಿದರು.

ಎರಡು ವರ್ಷದ ನಂತರ ಆಯಿಗೆ ಎದೆಯ ಕಾಯಿಲೆ ಬಂತು. ನಮ್ಮ ಅಮ್ಮಾ ಮತ್ತು ನಾನು ನೋಡಲು ಹೋಗಿದ್ದೆವು. ಆಯಿ ಗೋಡೆಗೆ ಆತು ಕುಳಿತಿದ್ದರು. ಆ ದನಿ ಹೋಗಿತ್ತು. ಅಮ್ಮಾ ಕೈ ಹಿಡಿದು, "ಚಲೋ ಆಗ್ತೀರಿ ಅಕ್ಕಾ, ಅಲ್ಲಾ ದೊಡ್ಡಾಂವ," ಎಂದಾಗ, "ನಿಮ್ಮ ಅಲ್ಲಾಗೂ ಹೇಳ್ರಿ ಮತ್ತ, ನಮ್ಮಾಂವ ಈಗ ನನ್ನ ಮಾತ ಕೇಳವಲ್ಲ," ಎಂದು ನಗಲು ನೋಡಿದರು. ಆಮೇಲೆ ಮಗನನ್ನು ಹತ್ತಿರ ಕರೆದರು.

"ಅಮೋಗಿ, ಒಂದ ಕೇಳ್ತೀನಿ. ಅವತ್ತ ಆ ಬಾಟ್ಲ್ಯಾಗ ನಾ ಭಂಡಾರ ಹಾಕಿದ್ದೆ. ಅದರಲಿಂದ ನಿನ್ನ ಬಣ್ಣ ಕೆಟ್ಟಿತೇನೊ?"

ಎಷ್ಟು ದಿನದಿಂದ ಒಳಗಿಟ್ಟುಕೊಂಡಿದ್ದರೋ.

"ಇಲ್ಲ ಯವ್ವಾ. ಹಂಗೇನಿಲ್ಲ."

"ಹಂಗಾರ ಭಂಡಾರ ಮುಟ್ಟಿ ಹೇಳು."

ಧನಗರರಲ್ಲಿ ಭಂಡಾರ ಮುಟ್ಟಿ ಹೇಳಿದ ಮೇಲೆ ಮುಗಿಯಿತು. ಸಾಕ್ಷಿ ಬೇಡ, ಕಾಗದ ಬೇಡ. ಭಂಡಾರ ಮುಟ್ಟಿ ಸುಳ್ಳು ಹೇಳಿದವನು ಅದನ್ನು ಮತ್ತೆ ಹಣೆಗೆ ಹಚ್ಚುವಂತಿಲ್ಲ. ಆಯಿ ಸೊಂಟದ ಚೀಲ ಬಿಚ್ಚಿ ಹಿಡಿದರು. ಸರ್ ಆ ಚೀಲವನ್ನು ಸ್ವಲ್ಪ ಹೊತ್ತು ನೋಡಿದರು. ಬೆರಳು ಒಳಗಿಟ್ಟರು.

"ಭಂಡಾರದ ಆಣಿ ಯವ್ವಾ. ನಿನ್ನ ಭಂಡಾರದಲಿಂದ ಏನೂ ಆಗಿಲ್ಲ."

ಆಯಿ ಕಣ್ಣು ಮುಚ್ಚಿ ನಿರಾಳವಾಗಿ ಉಸಿರು ಬಿಟ್ಟರು. "ಭಾಳ ಚಲೋ ಆತು," ಎಂದರು. ಅಂದು ಸಂಜೆ ಮಗನ ಕೈಯಿಂದ ಅಂಬಲಿ ಕುಡಿದರಂತೆ. ಆ ವಾರವೇ ಹೋದರು.

ಇದನ್ನು ಬರೆಯುವ ಮೊದಲು ಸರ್ ಅವರನ್ನು ಕೇಳಿದೆ. "ಯವ್ವ ಇಲ್ಲ ಈಗ. ಬರೀರಿ. ಸೋಮನಿಂಗಪ್ಪ ಕಾಕಾಗ ಮೊದಲ ನಾನ ಹೇಳ್ತೀನಿ," ಎಂದರು. ಹೇಳಿದರು. ಸೋಮನಿಂಗಪ್ಪ ಅಂಗೈಯಲ್ಲಿ ತಂಬಾಕು ತಿಕ್ಕುತ್ತ, "ಚಂದ್ರವ್ವಗ ಗೊತ್ತಾಗಲಿಲ್ಲಲ್ಲ? ಅಷ್ಟಾದ್ರ ಸಾಕು," ಎಂದರಂತೆ. ತಿಕ್ಕಿದ ತಂಬಾಕನ್ನು ಬಾಯಿಗೆ ಹಾಕಿಕೊಳ್ಳದೆ ನೆಲಕ್ಕೆ ಉದುರಿಸಿ ಎದ್ದುಹೋದರಂತೆ.

ಅಮೋಗಸಿದ್ದ ಸರ್ ಈಗ ಜತ್ತದ ಒಂದು ಜೂನಿಯರ್ ಕಾಲೇಜಿನಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗೆ ರಸಾಯನಶಾಸ್ತ್ರ ಕಲಿಸುತ್ತಾರೆ. ಪ್ರತಿ ಪ್ರಯೋಗದಲ್ಲೂ ಮೊದಲು ಬ್ಲ್ಯಾಂಕ್ ಮಾಡಿಸುತ್ತಾರೆ. ಹಣೆಗೆ ಭಂಡಾರ ಹಚ್ಚುವುದಿಲ್ಲ.